ಉರುಳುವ ಗುಂಡು, ಮಾಡಿದವನ ಹೊಣೆ

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮನೆಯ ಜಗಲಿ ಒಂದು ಸಣ್ಣ ವರ್ಕ್‌ಶಾಪಿನಂತಾಗಿತ್ತು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಅವಳ ಮಗ ಪ್ಲೈವುಡ್ ಹಲಗೆ, ತಾಮ್ರದ ತಂತಿ, ಸೈಕಲ್ ಟ್ಯೂಬಿನ ತುಂಡು, ಗುಜರಿಯಿಂದ ತಂದ ಕಬ್ಬಿಣದ ಸಾಮಾನುಗಳನ್ನೆಲ್ಲ ಹರಡಿಕೊಂಡು ಅಲ್ಲಿ ಪಿನ್‌ಬಾಲ್ ಯಂತ್ರವೊಂದನ್ನು ಕಟ್ಟುತ್ತಿದ್ದ. ಅಂಗಡಿಯಿಂದ ಕೊಂಡು ಜೋಡಿಸುವ ಕಿಟ್ ಅಲ್ಲ. ಮೊದಲ ಮೊಳೆಯಿಂದ ಕೊನೆಯ ದೀಪದವರೆಗೆ ಎಲ್ಲವೂ ಅವನದೇ ಕೈಯದು. ಅಸರ್ ನಮಾಝ್ ಮುಗಿಸಿ ಹೋಗುತ್ತಿದ್ದ ನೆರೆಮನೆಯ ಹಾಜಿಯವರು ಒಂದು ದಿನ ಕೊಡೆ ಮಡಚಿ ಜಗಲಿ ಹತ್ತಿದರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು.

"ಇದರಲ್ಲಿ ಗುಂಡು ಎಲ್ಲಿಗೆ ಹೋಗ್ತದೆ ಅಂತ ನಿಂಗೆ ಮೊದಲೇ ಗೊತ್ತುಂಟಾ?" ಎಂದು ಹುಡುಗನನ್ನು ಕೇಳಿದರು.

"ಇಲ್ಲ ಹಾಜಿಯವರೇ, ಅದು ಹೇಗೆ ಗೊತ್ತಾಗ್ತದೆ?"

"ಹಾಗಾದ್ರೆ ಇದು ಜೂಜೇ ಅಲ್ವಾ?"

ಹುಡುಗ ನನ್ನ ಮುಖ ನೋಡಿದ. ನಾನು ಬೇಗನೆ, "ಹಣ ಕಟ್ಟುವುದಿಲ್ಲವಲ್ಲ ಹಾಜಿಯವರೇ, ಮತ್ತೆ ಜೂಜು ಹೇಗಾಗುತ್ತದೆ?" ಎಂದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಾ, "ಹಣ ಇಲ್ಲದಿದ್ರೆ ಅಷ್ಟು ಸಾಕಾ?" ಎಂದು ಕೇಳಿ ಹೊರಟುಹೋದರು.

ಹಾಜಿಯವರ ಮೊದಲ ಪ್ರಶ್ನೆಗೆ ಉತ್ತರ ಸುಲಭ ಎಂದು ನಾನು ಭಾವಿಸಿದ್ದೆ. ಎರಡನೆಯ ಪ್ರಶ್ನೆ ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಆಟಕ್ಕೂ ಜೂಜಿಗೂ ನಡುವೆ ಗೆರೆ ಎಳೆಯುವುದು ಯಾವುದು? ಅದೃಷ್ಟವೇ, ಹಣವೇ, ಅಥವಾ ಇವೆರಡಕ್ಕಿಂತ ಹಿಂದೆ ನಿಂತಿರುವ ಇನ್ನೇನಾದರೂ ಇದೆಯೇ?

ಕಟ್ಟುವಾಗ ಕಂಡದ್ದು

ಪಿನ್‌ಬಾಲ್ ನಮ್ಮ ಊರುಗಳ ಆಟವಲ್ಲ, ಅಮೆರಿಕದ್ದು. ಆದರೆ ಅದರ ಮೂಲರೂಪವನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿದ್ದೇವೆ. ಮೊಳೆ ಹೊಡೆದ ಹಲಗೆ, ಬಲಬದಿಯಲ್ಲಿ ಗುಂಡನ್ನು ಚಿಮ್ಮಿಸುವ ಕಡ್ಡಿ, ಮೊಳೆಗಳಿಗೆ ತಾಗುತ್ತಾ ಇಳಿದು ಯಾವುದೋ ಒಂದು ಮನೆಯಲ್ಲಿ ನಿಲ್ಲುವ ಗೋಲಿ. ಅದೇ ಬಾಗಟೆಲ್. 18ನೇ ಶತಮಾನದ ಫ್ರಾನ್ಸಿನ ಶ್ರೀಮಂತರ ಮನೆಗಳಲ್ಲಿ ಪ್ರಚಾರಕ್ಕೆ ಬಂದ ಈ ಆಟಕ್ಕೆ 1871ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಮಾಂಟೇಗ್ ರೆಡ್‌ಗ್ರೇವ್ ಎಂಬಾತ ಸ್ಪ್ರಿಂಗ್ ಕಡ್ಡಿಯನ್ನು ಜೋಡಿಸಿ ಪೇಟೆಂಟ್ ಪಡೆದ. ಮುಂದೆ ಇದಕ್ಕೆ ಕಾಲು ಬಂತು, ಗಾಜಿನ ಮುಚ್ಚಳ ಬಂತು, ನಾಣ್ಯ ಹಾಕುವ ಸೀಳು ಬಂತು, ವಿದ್ಯುತ್ ಬಂತು.

ಇಂದಿನ ಯಂತ್ರದಲ್ಲಿ ಹಲಗೆ ಸುಮಾರು ಆರೂವರೆ ಡಿಗ್ರಿ ಓರೆಯಾಗಿರುತ್ತದೆ. ಅದರ ಮೇಲೆ 27 ಮಿಲಿಮೀಟರ್ ದಪ್ಪದ, 80 ಗ್ರಾಂ ತೂಕದ ಉಕ್ಕಿನ ಗುಂಡು ಓಡುತ್ತದೆ. ಕೆಳತುದಿಯಲ್ಲಿ ಎರಡು ಸಣ್ಣ ರೆಕ್ಕೆಗಳು. ಇವಕ್ಕೆ ಫ್ಲಿಪ್ಪರ್ ಎಂದು ಹೆಸರು. ಎರಡೂ ಬದಿಯ ಗುಂಡಿ ಒತ್ತಿದರೆ ರೆಕ್ಕೆಗಳು ಎದ್ದು ಗುಂಡನ್ನು ಮೇಲಕ್ಕೆ ಹೊಡೆಯುತ್ತವೆ. ತಪ್ಪಿದರೆ ಗುಂಡು ನಡುವಿನ ಸಂದಿಯಿಂದ ಕೆಳಗೆ ಬೀಳುತ್ತದೆ. ಆಟವೆಂದರೆ ಇಷ್ಟೇ.

ನಮ್ಮ ಹುಡುಗನಿಗೆ 27 ಮಿಲಿಮೀಟರಿನ ಗುಂಡು ಸಿಗಲಿಲ್ಲ. ಗುಜರಿಯವರು ಹಳೆಯ ಬೇರಿಂಗ್ ಒಡೆದು 25 ಮಿಲಿಮೀಟರಿನ ನಾಲ್ಕು ಗುಂಡುಗಳನ್ನು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಮರದ ಮಿಲ್ಲಿನಲ್ಲಿ ಅರ್ಧ ಇಂಚಿನ ಪ್ಲೈವುಡ್ ಸಿಕ್ಕಿತು. ಗುಂಡು ತಾಗಿ ಹಿಂದಕ್ಕೆ ಚಿಮ್ಮಲು ಬೇಕಾದ ರಬ್ಬರಿಗೆ ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿಕೊಂಡ.

ಮೊದಲ ತೊಂದರೆ ಹಲಗೆಯಿಂದಲೇ ಬಂತು. ಗುಂಡನ್ನು ಎಲ್ಲಿಂದ ಬಿಟ್ಟರೂ ಎಡಕ್ಕೇ ಎಳೆಯುತ್ತಿತ್ತು. ನೋಡಲು ಬಂದ ಮಕ್ಕಳು, "ನಂಗೆ ಲಕ್ಕೇ ಇಲ್ಲ" ಎಂದು ಗೊಣಗುತ್ತಿದ್ದರು. ಹತ್ತಿರದಲ್ಲಿ ಕೆಲಸ ಮಾಡುತ್ತಿದ್ದ ಆಚಾರಿಯೊಬ್ಬರು ಬಂದು ರಸಮಟ್ಟ ಇಟ್ಟು ನೋಡಿ, ಒಂದು ಕಾಲಿನ ಅಡಿಗೆ ರಟ್ಟಿನ ತುಂಡು ತುರುಕಿದರು. ಮಕ್ಕಳ 'ಲಕ್ಕು' ಆ ಕ್ಷಣವೇ ಸರಿಯಾಯಿತು! ಆಡುವವನು ಅದೃಷ್ಟ ಎಂದು ಕರೆಯುವುದರಲ್ಲಿ ಎಷ್ಟೋ ಪಾಲು ಮಾಡಿದವನ ಮಟ್ಟಗೋಲಿನಲ್ಲಿ ಇರುತ್ತದೆ ಎಂಬುದು ನನಗೆ ಹೊಳೆದದ್ದು ಅಂದು.

ಎರಡನೆಯ ತೊಂದರೆ ಫ್ಲಿಪ್ಪರಿನದು. ಅದನ್ನು ಎತ್ತುವುದು ತಾಮ್ರದ ಸುರುಳಿಯೊಳಗೆ ಎಳೆಯಲ್ಪಡುವ ಕಬ್ಬಿಣದ ಕಡ್ಡಿ. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಸುರುಳಿ ಸುತ್ತಿಸಿ ತಂದು ಜೋಡಿಸಿದ. ಗುಂಡಿ ಒತ್ತಿದರೆ ರೆಕ್ಕೆ ಚಟ್ಟನೆ ಎದ್ದಿತು. ಸಂತೋಷದಲ್ಲಿ ಅವನು ಗುಂಡಿಯನ್ನು ಹಾಗೆಯೇ ಹಿಡಿದುಕೊಂಡ. ಅರ್ಧ ನಿಮಿಷದಲ್ಲಿ ಜಗಲಿ ತುಂಬ ಸುಟ್ಟ ವಾರ್ನಿಶ್ ವಾಸನೆ. ಗುಂಡನ್ನು ಹೊಡೆಯಲು ಬೇಕಾದ ಭಾರೀ ಕರೆಂಟು ಕ್ಷಣಮಾತ್ರಕ್ಕೆ ಸರಿ, ಎತ್ತಿ ಹಿಡಿದುಕೊಳ್ಳಲು ಅದರ ಸಣ್ಣ ಅಂಶ ಸಾಕು. ಅದಕ್ಕಾಗಿಯೇ ನಿಜವಾದ ಯಂತ್ರಗಳಲ್ಲಿ ಒಂದರ ಮೇಲೊಂದು ಎರಡು ಸುತ್ತು ತಂತಿ ಇರುತ್ತದೆ. ದಪ್ಪ ತಂತಿ ಹೊಡೆತಕ್ಕೆ, ತೆಳು ತಂತಿ ಹಿಡಿತಕ್ಕೆ. ರೆಕ್ಕೆ ಪೂರ್ತಿ ಎದ್ದೊಡನೆ ಒಂದು ಸ್ವಿಚ್ ದಪ್ಪ ತಂತಿಯ ಕರೆಂಟನ್ನು ತಪ್ಪಿಸುತ್ತದೆ. ಮೂರು ಸುರುಳಿ ಸುಟ್ಟ ಮೇಲೆ ನಾಲ್ಕನೆಯದು ನಿಂತಿತು.

ಮೂರನೆಯದು ತೊಂದರೆಯಲ್ಲ, ತೀರ್ಮಾನ. ಎರಡು ರೆಕ್ಕೆಗಳ ನಡುವಿನ ಸಂದಿ ಎಷ್ಟಿರಬೇಕು? ಕಿರಿದಾದರೆ ಗುಂಡು ಬೀಳುವುದೇ ಇಲ್ಲ, ಐದು ನಿಮಿಷದಲ್ಲಿ ಬೇಸರ ಬರುತ್ತದೆ. ಅಗಲವಾದರೆ ಎಷ್ಟೇ ಚುರುಕಿನ ಕೈಯಾದರೂ ಪ್ರಯೋಜನವಿಲ್ಲ. ಆಡುವವನ ಪ್ರಯತ್ನಕ್ಕೆ ಎಷ್ಟು ಜಾಗ ಎಂಬುದನ್ನು ಮಾಡುವವನು ಡ್ರಿಲ್ ಹಿಡಿದು ತೂತು ಕೊರೆಯುವ ಹೊತ್ತಿನಲ್ಲೇ ನಿರ್ಧರಿಸಿಬಿಡುತ್ತಾನೆ. ಆಡುವವನಿಗೆ ಅದು ತಿಳಿಯುವುದೂ ಇಲ್ಲ.

ಗುಂಡು ಕೊನೆಗೊಮ್ಮೆ ಬೀಳುವುದಂತೂ ಖಚಿತ. ಎಂಥ ನಿಪುಣನಿಗೂ ಇದು ತಪ್ಪಿದ್ದಲ್ಲ. ಹಾಗೆಂದು ಯಾರೂ ಕೈಕಟ್ಟಿ ನಿಲ್ಲುವುದಿಲ್ಲ. ಒಂಟೆಯನ್ನು ಕಟ್ಟಿಹಾಕಲೇ, ಇಲ್ಲ ಅಲ್ಲಾಹನ ಮೇಲೆ ಭರವಸೆಯಿಟ್ಟು ಬಿಟ್ಟುಬಿಡಲೇ ಎಂದು ಕೇಳಿದವನಿಗೆ ಪ್ರವಾದಿಯವರು(ಸ) ಮೊದಲು ಕಟ್ಟಿಹಾಕಿ ಆಮೇಲೆ ಭರವಸೆಯಿಡಲು ಹೇಳಿದ ಪ್ರಸಂಗವನ್ನು ನಾವೆಲ್ಲ ಕೇಳಿದ್ದೇವೆ. ಇಳಿಜಾರು ನಮ್ಮ ಕೈಯಲ್ಲಿಲ್ಲ, ಗುಂಡಿ ಒತ್ತುವುದು ನಮ್ಮ ಕೈಯಲ್ಲಿದೆ. ಹಾಗಾಗಿ ಗುಂಡು ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿಲ್ಲದಿರುವುದಷ್ಟೇ ಜೂಜಿನ ಲಕ್ಷಣವಾಗಲಾರದು. ಹಾಗಿದ್ದಿದ್ದರೆ ಕಡಲಿಗಿಳಿಯುವ ಮೀನುಗಾರನೂ, ಮಳೆ ನಂಬಿ ಬಿತ್ತುವ ರೈತನೂ ಜೂಜುಕೋರರೇ ಆಗಬೇಕಿತ್ತು.

ನ್ಯೂಯಾರ್ಕಿನ ಸುತ್ತಿಗೆ

ಹಾಜಿಯವರ ಪ್ರಶ್ನೆಯನ್ನು ಅವರಿಗಿಂತ ಬಹಳ ಮೊದಲೇ ಅಮೆರಿಕದ ದೊಡ್ಡ ನಗರಗಳು ಕೇಳಿದ್ದವು. 1931ರಲ್ಲಿ ಶಿಕಾಗೋದ ಡೇವಿಡ್ ಗಾಟ್ಲೀಬ್ 'ಬ್ಯಾಫಲ್ ಬಾಲ್' ಎಂಬ ಸಣ್ಣ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅಲ್ಲಿ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದ ಜನರಿಗೆ ಒಂದು ಸೆಂಟಿಗೆ ಸಿಗುವ ಮನರಂಜನೆ ಅದು. ಅದರಲ್ಲಿ ಫ್ಲಿಪ್ಪರ್ ಇರಲಿಲ್ಲ. ಗುಂಡನ್ನು ಚಿಮ್ಮಿಸಿದ ಮೇಲೆ ಯಂತ್ರವನ್ನು ಸ್ವಲ್ಪ ಅಲುಗಾಡಿಸುವುದನ್ನು ಬಿಟ್ಟರೆ ಆಡುವವನಿಗೆ ಬೇರೆ ಕೆಲಸವಿಲ್ಲ. ಹೆಚ್ಚು ಅಂಕ ಗಳಿಸಿದವರಿಗೆ ಅಂಗಡಿಯವರು ಬಹುಮಾನ ಕೊಡತೊಡಗಿದರು. ಸ್ವಲ್ಪ ಕಾಲದಲ್ಲೇ ನಾಣ್ಯಗಳನ್ನೇ ಉಗುಳುವ ಯಂತ್ರಗಳು ಬಂದವು.

ನ್ಯೂಯಾರ್ಕಿನ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ ಇದನ್ನು ಸಹಿಸಲಿಲ್ಲ. ಶಾಲಾಮಕ್ಕಳ ಊಟದ ಚಿಲ್ಲರೆಯನ್ನು ಈ ಯಂತ್ರಗಳು ಕಸಿಯುತ್ತಿವೆ ಎಂಬುದು ಅವರ ಆಕ್ಷೇಪವಾಗಿತ್ತು. 1942ರ ಜನವರಿಯಲ್ಲಿ ನಗರದಲ್ಲಿ ಪಿನ್‌ಬಾಲ್ ನಿಷೇಧವಾಯಿತು. ಪೊಲೀಸರು ಸಾವಿರಾರು ಯಂತ್ರಗಳನ್ನು ಹೊತ್ತೊಯ್ದರು. ಮೇಯರರೇ ದೊಡ್ಡ ಸುತ್ತಿಗೆ ಹಿಡಿದು ಯಂತ್ರ ಒಡೆಯುವ ಚಿತ್ರಗಳು ಇಂದಿಗೂ ಸಿಗುತ್ತವೆ. ಕೆಲವರಿಗೆ ಇದು ಪ್ರಚಾರದ ಗೀಳಿನಂತೆ ಕಂಡೀತು. ಆದರೆ ಆ ದಿನಗಳ ಯಂತ್ರವನ್ನು ಗಮನದಲ್ಲಿಟ್ಟು ನೋಡಿದರೆ ಮೇಯರರ ಸಿಟ್ಟು ಪೂರ್ತಿ ಅನ್ಯಾಯದ್ದಾಗಿರಲಿಲ್ಲ.

ನಿಷೇಧ ಬಂದ ಐದು ವರ್ಷಕ್ಕೆ, 1947ರಲ್ಲಿ, ಗಾಟ್ಲೀಬ್ ಕಂಪೆನಿಯ ಹ್ಯಾರಿ ಮ್ಯಾಬ್ಸ್ 'ಹಂಪ್ಟಿ ಡಂಪ್ಟಿ' ಎಂಬ ಯಂತ್ರದಲ್ಲಿ ಆರು ಫ್ಲಿಪ್ಪರುಗಳನ್ನು ಜೋಡಿಸಿದರು. ಬೀಳುವ ಗುಂಡನ್ನು ಆಡುವವನು ತಡೆಯಬಹುದು, ಗುರಿಯಿಟ್ಟು ಹೊಡೆಯಬಹುದು ಎಂದಾಯಿತು. ಯಂತ್ರ ಬದಲಾಗಿತ್ತು, ಕಾನೂನು ಬದಲಾಗಲಿಲ್ಲ. ನ್ಯೂಯಾರ್ಕಿನ ನಿಷೇಧ ಮೂವತ್ತನಾಲ್ಕು ವರ್ಷ ಉಳಿಯಿತು. 1976ರಲ್ಲಿ ರೋಜರ್ ಶಾರ್ಪ್ ಎಂಬ ಯುವ ಬರಹಗಾರ ನಗರ ಸಭೆಯ ಸಮಿತಿಯೆದುರು ಆಡಿ ತೋರಿಸಿದ. ತಾನು ಇಂಥ ದಾರಿಯಿಂದಲೇ ಗುಂಡನ್ನು ಇಳಿಸುತ್ತೇನೆ ಎಂದು ಮೊದಲೇ ಹೇಳಿ ಸ್ಪ್ರಿಂಗ್ ಎಳೆದು ಬಿಟ್ಟ. ಗುಂಡು ಹಾಗೆಯೇ ಇಳಿಯಿತು. ಇದು ಕೌಶಲದ ಆಟ ಎಂದು ಸಮಿತಿ ಒಪ್ಪಿತು, ನಿಷೇಧ ಹೋಯಿತು.

ಈ ಕಥೆಗೆ ಒಂದು ಬಾಲವಿದೆ. ಆ ಹೊಡೆತದಲ್ಲಿ ಅದೃಷ್ಟವೂ ಇತ್ತು ಎಂದು ಶಾರ್ಪ್ ಅವರೇ ಮುಂದೆ ಒಪ್ಪಿಕೊಂಡರು. ಕೌಶಲವಿದೆ ಎಂದು ಸಾಬೀತುಮಾಡಿದ ಹೊಡೆತಕ್ಕೂ ಅದೃಷ್ಟದ ನೆರವು ಬೇಕಾಗಿತ್ತು! ಇವೆರಡನ್ನು ಪೂರ್ತಿ ಬೇರ್ಪಡಿಸುವುದು ಸಾಧ್ಯವೇ ಇಲ್ಲವೇನೋ.

ನಮ್ಮ ನ್ಯಾಯಾಲಯಗಳ ದಾರಿಯೂ ಬಹುಕಾಲ ಇದೇ ಆಗಿತ್ತು. ಬ್ರಿಟಿಷರ 1867ರ ಜೂಜು ಕಾಯ್ದೆ ಬರೀ ಕೌಶಲದ ಆಟಗಳನ್ನು ಶಿಕ್ಷೆಯಿಂದ ಹೊರಗಿಟ್ಟಿತು. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. 1996ರಲ್ಲಿ ಕುದುರೆ ಪಂದ್ಯಕ್ಕೂ ಅದೇ ಮಾತು ಅನ್ವಯವಾಯಿತು. ಕರ್ನಾಟಕ ಸರಕಾರ 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಅಲ್ಲಿಯೂ ಕೌಶಲದ ಪ್ರಶ್ನೆಯೇ ನಿರ್ಣಾಯಕವಾಗಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಹಳೆಯ ದಾರಿಯನ್ನು ಬಿಟ್ಟಿತು. ಕೌಶಲವಿರಲಿ, ಅದೃಷ್ಟವಿರಲಿ, ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನು ನಡೆಸುವಂತಿಲ್ಲ ಎಂದಿತು. ಈ ಕಾಯ್ದೆಯ ಸರಿತಪ್ಪುಗಳ ಚರ್ಚೆ ಬೇರೆ. ಅದು ಕೇಳಿದ ಪ್ರಶ್ನೆ ಮಾತ್ರ ಹೊಸತು. ಆಟದಲ್ಲಿ ಬುದ್ಧಿ ಎಷ್ಟಿದೆ ಎಂದು ಕೇಳದೆ, ಆಟದಿಂದ ಯಾರ ಮನೆಗೆ ಏನಾಗುತ್ತದೆ ಎಂದು ಕೇಳಿತು.

ಬಾಣಗಳ ಆಟ

ಪವಿತ್ರ ಕುರ್‌ಆನ್ ನಿಷೇಧಿಸಿದ 'ಮೈಸಿರ್' ಯಾವುದು ಎಂಬುದನ್ನು ನೆನಪಿಸಿಕೊಂಡರೆ ಈ ಪ್ರಶ್ನೆಗೆ ಇನ್ನಷ್ಟು ಬೆಳಕು ಬೀಳುತ್ತದೆ. ಇಸ್ಲಾಮಿನ ಪೂರ್ವದ ಅರಬರು ಒಂಟೆಯೊಂದನ್ನು ಕಡಿದು ಮಾಂಸವನ್ನು ಪಾಲು ಹಾಕಿ, ಚೀಲದಿಂದ ಬಾಣಗಳನ್ನು ಎತ್ತುತ್ತಿದ್ದರು. ಏಳು ಬಾಣಗಳಿಗೆ ಪಾಲು, ಮೂರು ಬಾಣಗಳು ಖಾಲಿ. ಸೋತವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ಎಷ್ಟೋ ಸಲ ತಮ್ಮ ಪಾಲಿನ ಮಾಂಸವನ್ನು ಬಡವರಿಗೆ ಹಂಚಿ ಔದಾರ್ಯದ ಹೆಸರು ಗಳಿಸುತ್ತಿದ್ದರು. ಅಂದರೆ ಅಲ್ಲಿ ಮೋಸವಿರಲಿಲ್ಲ, ಬಾಣಗಳು ಎಲ್ಲರ ಕಣ್ಣೆದುರೇ ಇದ್ದವು. ಬಡವರ ಹೊಟ್ಟೆಯೂ ತುಂಬುತ್ತಿತ್ತು. ಆದರೂ ಅದರಲ್ಲಿ ಜನರಿಗೆ ಕೆಲವು ಪ್ರಯೋಜನಗಳಿದ್ದರೂ ಕೇಡೇ ದೊಡ್ಡದು ಎಂದು ಕುರ್‌ಆನ್ ಹೇಳಿತು. ಮುಂದೆ ಅಲ್‌ಮಾಇದಃ ಅಧ್ಯಾಯದಲ್ಲಿ ಅದನ್ನು ಪೂರ್ತಿ ನಿಷೇಧಿಸುವಾಗ ಕೊಟ್ಟ ಕಾರಣಗಳು ಗಮನಾರ್ಹ. ಅದು ಜನರ ನಡುವೆ ಹಗೆ ಬಿತ್ತುತ್ತದೆ, ದೇವಸ್ಮರಣೆಯಿಂದ ಮತ್ತು ನಮಾಝ್‌ನಿಂದ ತಡೆಯುತ್ತದೆ.

ಇಲ್ಲಿ ಎರಡು ಸಂಗತಿಗಳಿವೆ. ಒಂದು, ನನ್ನ ಗೆಲುವು ನಿನ್ನ ಸೋಲಿನಿಂದಲೇ ಬರಬೇಕು ಎಂಬ ಏರ್ಪಾಡು. ಎರಡು, ಮನುಷ್ಯನನ್ನು ಅವನ ಬಾಳಿನಿಂದಲೇ ಎತ್ತಿ ಬೇರೆಡೆ ಕಟ್ಟಿಹಾಕುವುದು. ಮೊದಲನೆಯದಕ್ಕೆ ಹಣ ಬೇಕು. ಎರಡನೆಯದಕ್ಕೆ ಹಣವೇ ಬೇಕೆಂದಿಲ್ಲ. ಹಾಜಿಯವರು ಹೊರಡುವಾಗ ಕೇಳಿದ ಪ್ರಶ್ನೆ ಇದುವೇ ಆಗಿತ್ತು. ನನಗೆ ಅದು ಅರ್ಥವಾಗಲು ಒಂದು ಮಗು ಬರಬೇಕಾಯಿತು.

ಒಂದು ಸಾಲಿನ ಶಕ್ತಿ

ಯಂತ್ರ ಮುಗಿಯುವ ಹೊತ್ತಿಗೆ ಅದಕ್ಕೊಂದು ಮೆದುಳೂ ಬಂತು. ಹುಡುಗ ಬಳಸಿದ್ದು ಆರ್ಡುಯಿನೋ ಎಂಬ ಸಣ್ಣ ಬೋರ್ಡು. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ವಿದ್ಯಾರ್ಥಿಗಳ ಉಪಯೋಗಕ್ಕೆಂದು ಹುಟ್ಟಿದ ಇದರ ನಕ್ಷೆ ಯಾರು ಬೇಕಾದರೂ ನೋಡಬಹುದಾದ್ದು. ಇಂಥ ಬೋರ್ಡುಗಳಿಂದಾಗಿ ಮನೆಯಲ್ಲೇ ಪಿನ್‌ಬಾಲ್ ಕಟ್ಟುವುದು ಅಮೆರಿಕ, ಯುರೋಪುಗಳಲ್ಲಿ ಎಷ್ಟೋ ಜನರ ಹವ್ಯಾಸವಾಗಿದೆ. ಗುಂಡು ಯಾವ ಸ್ವಿಚ್ಚಿಗೆ ತಾಗಿತು, ಎಷ್ಟು ಅಂಕ, ಯಾವ ದೀಪ ಉರಿಯಬೇಕು ಎಂಬ ಲೆಕ್ಕವೆಲ್ಲ ಈಗ ಅವನು ಬರೆದ ಪ್ರೋಗ್ರಾಮಿನಲ್ಲಿ.

ಪಿನ್‌ಬಾಲಿನಲ್ಲಿ ಹಳೆಯದೊಂದು ಪದ್ಧತಿಯಿದೆ. ಆಟ ಮುಗಿದ ಮೇಲೆ ಯಂತ್ರ ತಾನಾಗಿ ಒಂದು ಸಂಖ್ಯೆಯನ್ನು ತೋರಿಸುತ್ತದೆ. ಅದು ನಿಮ್ಮ ಅಂಕದ ಕೊನೆಯ ಅಂಕಿಗಳಿಗೆ ಹೊಂದಿದರೆ ಇನ್ನೊಂದು ಆಟ ಉಚಿತ. ಇದಕ್ಕೆ ಮ್ಯಾಚ್ ಎನ್ನುತ್ತಾರೆ. ಇದರಲ್ಲಿ ಕೌಶಲ ಎಳ್ಳಷ್ಟೂ ಇಲ್ಲ. ಕೌಶಲದ ಆಟದ ಬಾಲಕ್ಕೆ ಅಂಟಿಸಿದ ಚಿಕ್ಕ ಲಾಟರಿ ಅದು. ನೋಡುವವರಿಗೆ ಹತ್ತರಲ್ಲಿ ಒಂದು ಸಲ ಹೊಂದಬೇಕು ಅನಿಸುತ್ತದೆ. ಆದರೆ ಕಂಪ್ಯೂಟರ್ ಬಂದ ನಂತರದ ಯಂತ್ರಗಳಲ್ಲಿ ಅದು ಎಷ್ಟು ಸಲ ಹೊಂದಬೇಕು ಎಂಬುದನ್ನು ಯಂತ್ರದ ಒಡೆಯ ಒಳಗಿನಿಂದ ಹೊಂದಿಸಿಡಬಹುದು.

ನಮ್ಮ ಹುಡುಗನೂ ಮ್ಯಾಚ್ ಇಟ್ಟ. ಒಂದು ಸಂಜೆ ತಮಾಷೆಗೆಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದ. ತಿರುಗುವ ಸಂಖ್ಯೆ ಹೆಚ್ಚಿನ ಸಲ ಸರಿಯಾದ ಸಂಖ್ಯೆಯ ಪಕ್ಕದಲ್ಲೇ ಬಂದು ನಿಲ್ಲಬೇಕು. ನಿಮ್ಮ ಅಂಕ 40ರಲ್ಲಿ ಮುಗಿದರೆ ಅದು 30, 40 ಎಂದು ಬಂದು 50ಕ್ಕೆ ಜಾರಬೇಕು. "ನೋಡಿ ಮಾಮಾ, ಈಗ ಯಾರೂ ಎದ್ದು ಹೋಗುವುದಿಲ್ಲ" ಎಂದ. ನಾನೂ ನಕ್ಕೆ.

ಆಡಲು ಬಂದವಳು ಅವನ ತಂಗಿ, ಮೂರನೇ ಕ್ಲಾಸಿನವಳು. ಬೇರೆ ದಿನಗಳಲ್ಲಿ ನಾಲ್ಕೈದು ಆಟ ಆಡಿ ಓಡಿಹೋಗುವ ಹುಡುಗಿ. ಅಂದು ಪ್ರತಿ ಆಟದ ಕೊನೆಯಲ್ಲೂ "ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು" ಎನ್ನುತ್ತಾ ಮತ್ತೆ ಸ್ಪ್ರಿಂಗ್ ಎಳೆಯುತ್ತಿದ್ದಳು. ಮಗ್ರಿಬ್‌ನ ಬಾಂಗ್ ಆಯಿತು. ತಾಯಿ ಎರಡು ಸಲ ಕರೆದಳು. ಮಗು, "ಇದೊಂದು ಆಟ" ಎಂದಿತು. ಮುಖದಲ್ಲಿ ನಗು ಇರಲಿಲ್ಲ, ಹಣೆ ಬೆವರಿತ್ತು. ಊಟಕ್ಕೆ ಎಬ್ಬಿಸಿದಾಗ ಅತ್ತಳು. ಸಂಖ್ಯೆ ತನ್ನ ತಪ್ಪಿನಿಂದಲೇ ಜಾರುತ್ತಿದೆ, ಇನ್ನೂ ಚೆನ್ನಾಗಿ ಆಡಿದ್ದರೆ ಹೊಂದುತ್ತಿತ್ತು ಎಂದು ಅವಳು ನಂಬಿದ್ದಳು.

ಇದು ಆ ಮಗುವಿನ ದೌರ್ಬಲ್ಯವಲ್ಲ. 2009ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು, ಜೂಜಿನಲ್ಲಿ ಕೂದಲೆಳೆಯಲ್ಲಿ ತಪ್ಪಿದ ಗೆಲುವು ನಿಜವಾದ ಗೆಲುವಿನ ಹೊತ್ತಿಗೆ ಚುರುಕಾಗುವ ಮೆದುಳಿನ ಭಾಗಗಳನ್ನೇ ಕೆಣಕುತ್ತದೆ, ಇನ್ನೊಮ್ಮೆ ಆಡುವ ಬಯಕೆಯನ್ನು ಹೆಚ್ಚಿಸುತ್ತದೆ ಎಂದು ತೋರಿಸಿತು. ಸೋಲನ್ನು 'ಬಹುತೇಕ ಗೆಲುವು' ಎಂದು ಕಾಣಿಸುವುದು ಮನುಷ್ಯನ ಮನಸ್ಸಿಗೆ ಹಾಕುವ ಗಾಳ. ಒಂದಂಕಿ ಲಾಟರಿಯ ಕಾಲದಲ್ಲಿ ನಮ್ಮ ರಾಜ್ಯದ ಎಷ್ಟೋ ಕೂಲಿಕಾರರು 'ಒಂದೇ ನಂಬರಿನಲ್ಲಿ ಹೋಯಿತು' ಎನ್ನುತ್ತಾ ಮರುದಿನದ ಕೂಲಿಯನ್ನೂ ಕೊಟ್ಟುಬರುತ್ತಿದ್ದರು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. ಗಾಳ ಮಾತ್ರ ನಿಲ್ಲಲಿಲ್ಲ, ಅದು ಮೊಬೈಲಿನೊಳಗೆ ಸೇರಿಕೊಂಡಿತು.

ಜಗಲಿಯ ಆ ಯಂತ್ರದಲ್ಲಿ ಒಂದು ಪೈಸೆಯೂ ಇರಲಿಲ್ಲ. ಯಾರೂ ಯಾರಿಂದಲೂ ಏನನ್ನೂ ಗೆಲ್ಲಲಿಲ್ಲ. ಕಾನೂನು ಅದನ್ನು ಮುಟ್ಟುವಂತಿಲ್ಲ. ಆದರೂ ಅಲ್ಲಿ ಒಂದು ಮಗುವಿನ ಸಂಜೆ ಕಳವಾಯಿತು. ತನ್ನ ಪ್ರಯತ್ನಕ್ಕೆ ಬೆಲೆಯಿದೆ ಎಂಬ ಅವಳ ನಂಬಿಕೆಯನ್ನೇ ಹಗ್ಗ ಮಾಡಿ ಅವಳನ್ನು ಕಟ್ಟಿಹಾಕಲಾಯಿತು. ಕಟ್ಟಿದವನು ಕೆಟ್ಟವನಲ್ಲ, ತಂಗಿಯನ್ನು ಪ್ರೀತಿಸುವ ಅಣ್ಣ. ನಕ್ಕವನು ನಾನು.

ಒದ್ದೆ ಧಾನ್ಯ

ಮದೀನದ ಪೇಟೆಯಲ್ಲಿ ಪ್ರವಾದಿಯವರು(ಸ) ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದ ಪ್ರಸಂಗ ಸಹೀಹ್ ಮುಸ್ಲಿಮ್‌ನಲ್ಲಿದೆ. ಮೇಲೆ ಒಣಗಿದ ಕಾಳು, ಒಳಗೆ ಬೆರಳಿಗೆ ತೇವ ತಾಗಿತು. ಕೇಳಿದಾಗ ವ್ಯಾಪಾರಿ ಮಳೆಗೆ ನೆನೆಯಿತು ಎಂದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಪ್ರವಾದಿಯವರು ಕೇಳಿದರು, ವಂಚಿಸುವವನು ನಮ್ಮವನಲ್ಲ ಎಂದರು. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ಒದ್ದೆ ಧಾನ್ಯ ಮಾರುವುದನ್ನೂ ಪ್ರವಾದಿಯವರು ತಡೆಯಲಿಲ್ಲ. ತಪ್ಪು ಇದ್ದದ್ದು ಒದ್ದೆಯನ್ನು ಕೆಳಗೆ ಅಡಗಿಸಿದ್ದರಲ್ಲಿ.

ಯಂತ್ರ ಮಾಡುವವನಿಗೂ ಈ ಮಾತು ಅನ್ವಯಿಸುತ್ತದೆ ಎಂದು ನನಗೆ ಅನಿಸುತ್ತದೆ. ಪಿನ್‌ಬಾಲಿನ ಇಳಿಜಾರು, ಸಂದಿ, ರೆಕ್ಕೆ ಎಲ್ಲವೂ ಗಾಜಿನ ಕೆಳಗೆ ಕಣ್ಣಿಗೆ ಕಾಣುತ್ತವೆ. ಮುಚ್ಚಳ ತೆಗೆದು ಎಲ್ಲವನ್ನೂ ವಿವರಿಸಿ ಹೇಳಿದರೂ ಆಟದ ರುಚಿ ಕೆಡುವುದಿಲ್ಲ, ಇನ್ನೂ ಹೆಚ್ಚುತ್ತದೆ. ಆದರೆ ಆ ಒಂದು ಸಾಲನ್ನು ಮಗುವಿಗೆ ಓದಿ ಹೇಳಿದ್ದರೆ ಅವಳು ಮರುಕ್ಷಣವೇ ಎದ್ದು ಹೋಗುತ್ತಿದ್ದಳು. ಆಡುವವನಿಗೆ ತಿಳಿದರೆ ಕುಸಿದುಬೀಳುವ ಆಟ ಒದ್ದೆ ಧಾನ್ಯದ ಆಟ.

ಇದೊಂದೇ ಅಳತೆಗೋಲು ಸಾಕು ಎಂದು ನಾನು ಹೇಳುತ್ತಿಲ್ಲ. ಮೈಸಿರ್‌ನ ಬಾಣಗಳೂ ಬಯಲಲ್ಲೇ ಇದ್ದವು ಎಂಬುದನ್ನು ಆಗಲೇ ನೋಡಿದೆವು. ಬಯಲಲ್ಲಿ ನಡೆದರೂ ಇನ್ನೊಬ್ಬನ ಸೋಲನ್ನು ಉಣ್ಣುವ ಆಟ ಆಟವಲ್ಲ. ಹಾಗೆಯೇ ಯಾರ ದುಡ್ಡನ್ನೂ ಮುಟ್ಟದಿದ್ದರೂ ಆಡುವವನ ಮನಸ್ಸನ್ನು ಕದ್ದು ಹಿಡಿಯುವ ಆಟವೂ ಆಟವಲ್ಲ. ಎರಡು ಬಾಗಿಲುಗಳನ್ನೂ ಕಾಯಬೇಕು. ನಮ್ಮ ಕಾನೂನುಗಳು ಮೊದಲ ಬಾಗಿಲನ್ನು ಹೇಗೋ ಕಾಯುತ್ತಿವೆ. ಎರಡನೆಯದನ್ನು ಕಾಯಬೇಕಾದವನು ಮುಖ್ಯವಾಗಿ ಯಂತ್ರ ಮಾಡುವವನೇ.

ಯಂತ್ರಗಳನ್ನು ಮಾಡಿದ ದೊಡ್ಡ ಪರಂಪರೆಯೊಂದು ನಮಗೂ ಇದೆ. 9ನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರು ನೂರರಷ್ಟು ಚಮತ್ಕಾರದ ಸಾಧನಗಳ ಬಗ್ಗೆ ಗ್ರಂಥ ಬರೆದರು. ಅದರ ಹೆಸರು ಕಿತಾಬುಲ್ ಹಿಯಲ್. ಹಿಯಲ್ ಎಂಬ ಪದಕ್ಕೆ ಯುಕ್ತಿಯ ಸಾಧನ ಎಂದೂ ಅರ್ಥ, ತಂತ್ರ, ಕುಯುಕ್ತಿ ಎಂದೂ ಅರ್ಥ. ಒಂದೇ ಪದದಲ್ಲಿ ಎರಡೂ ಇವೆ! 1206ರಲ್ಲಿ ದಿಯಾರ್‌ಬಕಿರಿನ ಅರಮನೆಯ ಎಂಜಿನಿಯರ್ ಅಲ್ ಜಝರಿ ಮುಗಿಸಿದ ಗ್ರಂಥದಲ್ಲಿ ಪ್ರಸಿದ್ಧವಾದ ಆನೆ ಗಡಿಯಾರವಿದೆ. ಅದರಲ್ಲೂ ಲೋಹದ ಗುಂಡು ಉರುಳುತ್ತದೆ. ಅರ್ಧ ಗಂಟೆಗೊಮ್ಮೆ ಗಿಡುಗದ ಕೊಕ್ಕಿನಿಂದ ಹಾವಿನ ಬಾಯಿಗೆ ಬಿದ್ದು ಕೆಳಗಿಳಿಯುತ್ತದೆ, ನೋಡುವವರಿಗೆ ಹೊತ್ತು ಎಷ್ಟಾಯಿತೆಂದು ತಿಳಿಯುತ್ತದೆ. ಬೇರೆ ಕುಶಲಕರ್ಮಿಗಳೂ ಕಟ್ಟಲು ಅನುಕೂಲವಾಗುವಂತೆ ಅವರು ಅಳತೆ, ಜೋಡಣೆಗಳನ್ನು ಚಿತ್ರಸಹಿತ ವಿವರಿಸಿ ಬರೆದಿಟ್ಟರು. ಅವರ ಗುಂಡು ಬಿದ್ದು ಹೊತ್ತನ್ನು ನೆನಪಿಸುತ್ತಿತ್ತು. ನಮ್ಮ ಜಗಲಿಯಲ್ಲಿ ಅಂದು ಉರುಳಿದ ಗುಂಡು ಹೊತ್ತನ್ನು ಮರೆಸಿತು.

ಮರುದಿನ ಬೆಳಗ್ಗೆ ಹುಡುಗ ಆ ಸಾಲನ್ನು ಅಳಿಸಿದ. ಅಳಿಸಿದ್ದಷ್ಟೇ ಅಲ್ಲ, ತಂಗಿಯನ್ನು ಕೂರಿಸಿಕೊಂಡು ತಾನು ಏನು ಮಾಡಿದ್ದೆ ಎಂಬುದನ್ನು ತೋರಿಸಿದ. ಅವಳು ಅವನ ಬೆನ್ನಿಗೆ ಎರಡು ಗುದ್ದಿ ಎರಡು ದಿನ ಮಾತು ಬಿಟ್ಟಳು. ಈಗ ಅವಳು ಮೊದಲಿನಂತೆ ನಾಲ್ಕೈದು ಆಟ ಆಡಿ ಎದ್ದು ಹೋಗುತ್ತಾಳೆ. ಯಂತ್ರ ಎಷ್ಟೋ ಹೊತ್ತು ಸುಮ್ಮನೆ ನಿಂತಿರುತ್ತದೆ. ಆಡುವವರನ್ನು ಎದ್ದು ಹೋಗಲು ಬಿಡುವುದೂ ಒಳ್ಳೆಯ ಆಟದ ಒಂದು ಗುಣ ಎಂದು ನಾನೀಗ ತಿಳಿದಿದ್ದೇನೆ.

ಹುಡುಗನ ಡಿಪ್ಲೊಮಾ ಮುಗಿದಿದೆ, ಕೆಲಸ ಹುಡುಕುತ್ತಿದ್ದಾನೆ. ಮೊಬೈಲ್ ಆಟಗಳನ್ನು ಮಾಡುವ ಕಂಪೆನಿಗಳಿಗೂ ಅರ್ಜಿ ಹಾಕಿದ್ದಾನೆ. ಅಂದು ತಮಾಷೆಗೆ ಬರೆದ ಸಾಲನ್ನೇ ಸಂಬಳ ಕೊಟ್ಟು ಬರೆಯಿಸುವವರು ಅವನಿಗೆ ಸಿಕ್ಕೇ ಸಿಗುತ್ತಾರೆ. ಆಗ ಎದುರಿಗೆ ತಂಗಿಯ ಬೆವರಿದ ಮುಖ ಇರುವುದಿಲ್ಲ. ಕಾಣದ ಲಕ್ಷಾಂತರ ಜನರು ಬರೀ ಸಂಖ್ಯೆಗಳಾಗಿ ಇರುತ್ತಾರೆ. ಮನೆಯ ಸಾಲ, ತಾಯಿಯ ಔಷಧಿ, ತಂಗಿಯ ಓದು ಒಂದು ಕಡೆ ಇರುತ್ತವೆ. ಆ ದಿನ ಅವನು ಏನು ಮಾಡುತ್ತಾನೆ ಎಂದು ನಾನು ಹೇಳಲಾರೆ. ಅವನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದೂ ಧೈರ್ಯವಾಗಿ ಹೇಳಲಾರೆ.

ಮೊನ್ನೆ ಹಾಜಿಯವರು ಮತ್ತೆ ಜಗಲಿ ಹತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, ಕನ್ನಡಕ ಸರಿಮಾಡಿಕೊಂಡು ಯಂತ್ರದ ಮುಂದೆ ನಿಂತರು. ಸ್ಪ್ರಿಂಗ್ ಎಳೆದು ಬಿಟ್ಟರು. ಗುಂಡು ಮೇಲೆ ಹೋಗಿ, ಎರಡು ಕಡೆ ತಾಗಿ, ಅವರ ಬೆರಳು ಗುಂಡಿಯನ್ನು ಹುಡುಕುವಷ್ಟರಲ್ಲಿ ನಡುವಿನ ಸಂದಿಯಿಂದ ಬಿದ್ದುಹೋಯಿತು.

"ಬೀಳುವುದು ಅದರ ಕೆಲಸ. ಒತ್ತಲು ತಡ ಮಾಡಿದ್ದು ನಾನು" ಎಂದರು. ಮತ್ತೊಮ್ಮೆ ಸ್ಪ್ರಿಂಗ್ ಎಳೆದರು.